ಹೆದರಿಕೆಯ ರಾತ್ರಿಗೆ ಯಾವ ಬೈಬಲ್? ಜೆ.ವಿ., ಸಿ.ಎಲ್., ಗಿಡಿಯನ್ ಪುಸ್ತಕ, ಫೋನಿನ ಆ್ಯಪ್

ನಾಳೆ ಬೆಳಿಗ್ಗೆ ಆಪರೇಷನ್. ರೋಗಿ ಕ್ರೈಸ್ತರು, ಕನ್ನಡ ಓದುವವರು, ರಾತ್ರಿ ನಿದ್ದೆ ಹತ್ತುತ್ತಿಲ್ಲ. ಮನೆಯವರು ಬೈಬಲ್ ತರಲು ಓಡುತ್ತಾರೆ. ಆದರೆ ಯಾವ ಬೈಬಲ್? ಕನ್ನಡದಲ್ಲಿ ಈಗ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಕಾಗದದ ಗಾತ್ರ, ಅಕ್ಷರದ ದಪ್ಪ, ಭಾಷೆಯ ವಯಸ್ಸು ಎಲ್ಲವೂ ಬೇರೆ ಬೇರೆ. ಈ ವಿಮರ್ಶೆ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತದೆ: ಹೆದರಿದವರ ಕೈಯಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ?

ಮೊದಲು ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಓದುವ ಹಳೆಯ ಸತ್ಯವೇದವು. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಪ್ರಕಟಣೆ, ಈಗ ಜೆ.ವಿ. ಎಂಬ ಗುರುತಿನಿಂದ ಸಿಗುತ್ತದೆ. ಕನ್ನಡ ಬೈಬಲ್ ಅನುವಾದದ ಕೆಲಸ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರ ಕಾಲದಲ್ಲಿ ಶುರುವಾಗಿ, 1831ರ ಹೊತ್ತಿಗೆ ಪೂರ್ಣ ಬೈಬಲ್ ಅಚ್ಚಾಯಿತು. ಆಮೇಲೆ ಪರಿಷ್ಕರಣೆಗಳಾಗಿವೆ. ಆದರೂ ಜೆ.ವಿ.ಯ ಮಾತಿನಲ್ಲಿ ಹಳೆಗಾಲದ ಗತ್ತು ಉಳಿದಿದೆ. ‘ಇರುವುದು’ ಅಲ್ಲ, ‘ಇರುವದು’. ‘ಹೆದರುವುದಿಲ್ಲ’ ಅಲ್ಲ, ‘ಹೆದರೆನು’.

ಈ ‘ಹೆದರೆನು’ ಎಂಬ ಒಂದು ಪದದ ಮೇಲೆಯೇ ಜೆ.ವಿ.ಗೆ ಹೆಚ್ಚು ಅಂಕ ಕೊಡಬೇಕು. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 23ನೇ ಕೀರ್ತನೆಯ 4ನೇ ವಚನ ಹೀಗಿದೆ: “ನಾನು ಕಾರ್ಗತ್ತಲಿನ ಕಣಿವೆಯಲ್ಲಿ ನಡೆಯುವಾಗಲೂ ನೀನು ಹತ್ತಿರವಿರುವದರಿಂದ ಕೇಡಿಗೆ ಹೆದರೆನು; ನಿನ್ನ ದೊಣ್ಣೆಯೂ ನಿನ್ನ ಕೋಲೂ ನನಗೆ ಧೈರ್ಯಕೊಡುತ್ತವೆ.” ಇದನ್ನು ಬಾಯಿಬಿಟ್ಟು ಓದಿ. ‘ಹತ್ತಿರವಿರುವದರಿಂದ’ ಎಂಬ ಉದ್ದನೆಯ ಪದ ಉಸಿರನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಕೊನೆಗೆ ‘ಹೆದರೆನು’ ಎಂಬ ನಾಲ್ಕು ಅಕ್ಷರದಲ್ಲಿ ಉಸಿರು ಕೆಳಗಿಳಿಯುತ್ತದೆ. ಇನ್ನೊಂದು ಸಂಗತಿ ಗಮನಿಸಿ. ಮೊದಲ ಮೂರು ವಚನಗಳಲ್ಲಿ ದೇವರ ಬಗ್ಗೆ ‘ಆತನು’ ಎಂದು ಮಾತು ನಡೆಯುತ್ತದೆ. ಕಣಿವೆ ಬಂದ ಕೂಡಲೇ ಅದು ‘ನೀನು’ ಆಗುತ್ತದೆ. ಕತ್ತಲಲ್ಲಿ ದೇವರ ಬಗ್ಗೆ ಮಾತಾಡುವುದು ನಿಂತು, ದೇವರ ಜೊತೆ ಮಾತು ಶುರುವಾಗುತ್ತದೆ. ರೋಗಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. 1ರಿಂದ 6ರವರೆಗೆ ತಡೆಯದೆ ಓದಿದರೆ ಸಾಕು, ಕಿವಿಗೆ ತಾನೇ ತಿಳಿಯುತ್ತದೆ.

ದೊಣ್ಣೆ ಮತ್ತು ಕೋಲಿನ ಬಗ್ಗೆ ಮಾತ್ರ ಒಂದು ಮಾತು ಹೇಳಿಡುವುದು ಒಳ್ಳೆಯದು. ಪಟ್ಟಣದಲ್ಲಿ ಬೆಳೆದವರಿಗೆ ದೊಣ್ಣೆ ಎಂದರೆ ಹೊಡೆತ. ದೇವರು ದಂಡಿಸುತ್ತಿದ್ದಾನೆ ಎಂದು ಮೊದಲೇ ಅಂಜಿದವರಿಗೆ ಆ ಪದ ಚುಚ್ಚಬಹುದು. ಕುರಿ ಕಾಯುವವರಿಗೆ ಗೊತ್ತು: ದೊಣ್ಣೆ ತೋಳಕ್ಕೆ, ಕೋಲು ದಾರಿ ತಪ್ಪುವ ಕುರಿಯನ್ನು ಮೆಲ್ಲಗೆ ಒಳಕ್ಕೆ ಸರಿಸುವುದಕ್ಕೆ. ಇಷ್ಟು ಹೇಳಿ ಮುಂದೆ ಓದಿ.

ಜೆ.ವಿ.ಯ ತೊಂದರೆಗಳೂ ಈ ಹಳೆತನದಿಂದಲೇ ಹುಟ್ಟುತ್ತವೆ. ತನ್ನ ಎಳೆಯ ಶಿಷ್ಯ ತಿಮೊಥೆಯನಿಗೆ ಪೌಲನು ಸೆರೆಯಿಂದ ಬರೆದ ಎರಡನೇ ಪತ್ರದಲ್ಲಿ 1:7 (ಮೊದಲ ಅಧ್ಯಾಯ, 7ನೇ ವಚನ) ಹೆದರಿಕೆಗೆ ಎಲ್ಲರೂ ಎತ್ತಿ ಕೊಡುವ ವಾಕ್ಯ. ದೇವರು ಕೊಟ್ಟಿರುವುದು “ಬಲ ಪ್ರೀತಿ ಶಿಕ್ಷಣಗಳ ಆತ್ಮ” ಎಂದು ಅಲ್ಲಿದೆ. ಇವತ್ತಿನ ಓದುಗನಿಗೆ ಶಿಕ್ಷಣ ಎಂದರೆ ಶಾಲೆ, ಕಾಲೇಜು. ಇಲ್ಲಿ ಅದರ ಅರ್ಥ ಮನಸ್ಸನ್ನು ಹದದಲ್ಲಿಟ್ಟುಕೊಳ್ಳುವುದು, ದಿಕ್ಕೆಡದೆ ಯೋಚಿಸುವ ಸ್ವಾಧೀನ. ಹೆದರಿದ ಹೊತ್ತಿನಲ್ಲಿ ಬಲ, ಪ್ರೀತಿಗಳಷ್ಟೇ ಬೇಕಾದದ್ದು ಈ ಮೂರನೆಯದು. ಪದ ಹಳತಾಗಿರುವುದರಿಂದ ಅದೇ ಕೈಜಾರಿ ಹೋಗುತ್ತದೆ. ಅದೇ ವಚನದಲ್ಲಿ ‘ಹೇಡಿತನ’ ಎಂಬ ಮಾತೂ ಇದೆ. ನಡುಗುತ್ತಿರುವವರಿಗೆ ಆ ವಾಕ್ಯವನ್ನು ಒಂಟಿಯಾಗಿ ಓದಿಹೇಳಿದರೆ ಬೈಗುಳದ ಹಾಗೆ ಕೇಳಿಸುತ್ತದೆ. 3ನೇ ವಚನದಿಂದ ಶುರುಮಾಡಿ. ತಿಮೊಥೆಯನ ಕಣ್ಣೀರನ್ನು ಪೌಲ ನೆನಸಿಕೊಳ್ಳುತ್ತಾನೆ, ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಡಿದು ಹೇಳುತ್ತಾನೆ. ಆಮೇಲೆ 7ನೆಯದು ಬಂದರೆ ಅದು ಅಳುತ್ತಿರುವ ಹುಡುಗನ ಬೆನ್ನ ಮೇಲೆ ಕೈಯಿಟ್ಟು ಹೇಳಿದ ಮಾತಾಗುತ್ತದೆ.

56ನೇ ಕೀರ್ತನೆಯಲ್ಲಿ ‘ಬುದ್ದಲಿ’ ಎಂಬ ಪದ ಬರುತ್ತದೆ. ಬುದ್ದಲಿ ಎಂದರೆ ತೊಗಲಿನ ಚೀಲ, ನೀರೋ ದ್ರಾಕ್ಷಾರಸವೋ ತುಂಬಿಡುವಂಥದ್ದು. ದೇವರು ಕಣ್ಣೀರನ್ನು ಅದರಲ್ಲಿ ತುಂಬಿಡುತ್ತಾನೆ ಎಂಬ ಚಿತ್ರ. ಪದ ಗೊತ್ತಾದರೆ ಇಡೀ ಕೀರ್ತನೆ ತೆರೆದುಕೊಳ್ಳುತ್ತದೆ. ಇಲ್ಲಿ ದಾವೀದನು ಹೆದರುವುದಿಲ್ಲ ಎನ್ನುವ ಮೊದಲೇ ತನ್ನ ಹೆದರಿಕೆಯನ್ನು ಒಪ್ಪಿಕೊಳ್ಳುತ್ತಾನೆ. ಹೆದರಿಕೆಯಾದಾಗ ನಿನ್ನನ್ನು ನಂಬುತ್ತೇನೆ ಎನ್ನುತ್ತಾನೆ. ಅಂಜಿಕೆ ಬಂದದ್ದೇ ಅಪನಂಬಿಕೆ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುವವರಿಗೆ ಕೊಡಬೇಕಾದ ಮೊದಲ ಪುಟ ಇದು.

ಇನ್ನು ಸಿ.ಎಲ್. ಇದೂ ಬೈಬಲ್ ಸೊಸೈಟಿಯದೇ, ಆಡುಮಾತಿಗೆ ಹತ್ತಿರವಾದ ಅನುವಾದ. ಯೆಹೋವ ಎಂಬ ಹೆಸರಿನ ಜಾಗದಲ್ಲಿ ಸರ್ವೇಶ್ವರ, ಪ್ರಭು ಎಂಬ ಪದಗಳು. ದೇವರಿಗೂ ಯೇಸುವಿಗೂ ‘ಹೇಳಿದರು’, ‘ಬಂದರು’ ಎಂಬ ಬಹುವಚನದ ಗೌರವ. ‘ನಂಬಿಕೆ’ ಇದ್ದಲ್ಲಿ ‘ವಿಶ್ವಾಸ’. ಕಥೋಲಿಕರ ಕಿವಿಗೆ ಇದೇ ಸಹಜ. ಕಥೋಲಿಕ ಮನೆಗೆ ಕೊಳ್ಳುವವರು 66 ಪುಸ್ತಕಗಳದ್ದೋ ಕಥೋಲಿಕರು ಬಳಸುವ 73 ಪುಸ್ತಕಗಳದ್ದೋ ಎಂದು ಅಂಗಡಿಯಲ್ಲೇ ವಿಷಯಸೂಚಿ ತೆರೆದು ನೋಡಿಕೊಳ್ಳಬೇಕು. ಹೊರಗಿನಿಂದ ಎರಡೂ ಒಂದೇ ತರಹ ಕಾಣಬಹುದು.

ಕಥನ ಭಾಗಗಳಿಗೆ ಸಿ.ಎಲ್. ಸಲೀಸು. ಹೊಸದಾಗಿ ಓದುವವರು, ಕನ್ನಡ ಓದುವುದು ನಿಧಾನವಾಗಿರುವ ಇಂಗ್ಲಿಷ್ ಮಾಧ್ಯಮದ ಮಕ್ಕಳು ಇದನ್ನು ತಡವರಿಸದೆ ಓದುತ್ತಾರೆ. ಬಾಲ್ಯದಿಂದ “ಯೆಹೋವನು ನನಗೆ ಕುರುಬನು, ಕೊರತೆಪಡೆನು” ಎಂದು ಬಾಯಿಪಾಠ ಮಾಡಿದ ಅಜ್ಜಿಗೆ ಮಾತ್ರ ಸಿ.ಎಲ್. ಓದಿಹೇಳಬೇಡಿ. ಭಯದ ಹೊತ್ತಿನಲ್ಲಿ ಬೇಕಾದದ್ದು ಪರಿಚಿತವಾದ ಪದ. ಅವರು ನಿಮ್ಮ ಜೊತೆ ತುಟಿಯಾಡಿಸುವಂತಿರಬೇಕು. ಸಣ್ಣಂದಿನಲ್ಲಿ ಸಭೆಯಲ್ಲಿ ಯಾವುದನ್ನು ಕೇಳಿದ್ದರೋ ಅದನ್ನೇ ತನ್ನಿ. ಇದು ಅನುವಾದದ ಗುಣಕ್ಕಿಂತ ಮುಖ್ಯ.

ಯಾವ ಅನುವಾದವಾದರೂ ಎಲ್ಲಿ ಓದಬೇಕು ಎಂಬುದು ಮುಂದಿನ ಪ್ರಶ್ನೆ. ಇಲ್ಲಿಯೇ ಹೆಚ್ಚು ತಪ್ಪಾಗುವುದು.

ದೋಣಿಯಲ್ಲಿ ಯೇಸು ನಿದ್ದೆಯಲ್ಲಿದ್ದಾಗ ಎದ್ದ ಬಿರುಗಾಳಿಯ ಕಥೆಯನ್ನೇ ತೆಗೆದುಕೊಳ್ಳಿ. ಮತ್ತಾಯ 8ರಲ್ಲೂ ಇದೆ, ಮಾರ್ಕ 4ರಲ್ಲೂ ಇದೆ. ಮತ್ತಾಯದಲ್ಲಿ ಯೇಸು ಮೊದಲು ಶಿಷ್ಯರನ್ನು ಅಲ್ಪವಿಶ್ವಾಸಿಗಳೇ ಎಂದು ಕೇಳಿ, ಆಮೇಲೆ ಗಾಳಿಯನ್ನು ಗದರಿಸುತ್ತಾನೆ. ಮಾರ್ಕನಲ್ಲಿ ಅನುಕ್ರಮ ತಿರುಗಿದೆ: ಎದ್ದ ಕೂಡಲೇ ಗಾಳಿಯನ್ನು ಗದರಿಸಿ, ಸಮುದ್ರಕ್ಕೆ “ಸುಮ್ಮನಿರು, ಮೊರೆಯಬೇಡ” ಎನ್ನುತ್ತಾನೆ. ನೀರು ಶಾಂತವಾದ ಮೇಲೆಯೇ ಶಿಷ್ಯರಿಗೆ ಪ್ರಶ್ನೆ. ಹಾಸಿಗೆ ಪಕ್ಕದಲ್ಲಿ ಓದುವುದಾದರೆ ಮಾರ್ಕ 4:35ರಿಂದ 41. ಕೊನೆಯ ವಚನವನ್ನು ಬಿಡಬೇಡಿ. ಬಿರುಗಾಳಿ ನಿಂತ ಮೇಲೆ ಶಿಷ್ಯರಿಗೆ ಇನ್ನೂ ದೊಡ್ಡ ಭಯ ಹಿಡಿಯುತ್ತದೆ. ಈಗಿನ ಭಯ ಗಾಳಿಯದ್ದಲ್ಲ, ದೋಣಿಯಲ್ಲಿ ತಮ್ಮ ಜೊತೆ ಕೂತಿರುವವನು ಯಾರು ಎಂಬುದರದ್ದು.

91ನೇ ಕೀರ್ತನೆ ನಮ್ಮ ಮನೆಗಳ ಬಾಗಿಲ ಮೇಲೆ, ಕಾರಿನ ಗಾಜಿನ ಮೇಲೆ ಇರುತ್ತದೆ. ಅದನ್ನು ವಿಮಾ ಪಾಲಿಸಿಯ ಹಾಗೆ ಓದುವ ರೂಢಿ ಬಂದಿದೆ. ಅದರ 11 ಮತ್ತು 12ನೇ ವಚನಗಳನ್ನು ಮತ್ತಾಯ 4:6ರಲ್ಲಿ ಎತ್ತಿ ಹೇಳುವವನು ಸೈತಾನ. ಯೇಸು ಆ ಓದನ್ನು ಒಪ್ಪುವುದಿಲ್ಲ. ಕಾಯಿಲೆ ಬಂದಾಗ ‘ಕೇಡು ಮುಟ್ಟುವುದಿಲ್ಲ ಅಂತಿತ್ತಲ್ಲ, ನನಗೇಕೆ ಮುಟ್ಟಿತು?’ ಎಂದು ಒಳಗೊಳಗೇ ಕುಸಿಯುವವರಿದ್ದಾರೆ. ಅಂಥವರಿಗೆ 91ರ ಜೊತೆ ಮಾರ್ಕ 14:32ರಿಂದ 42ನ್ನೂ ಓದಬೇಕು. ಗೆತ್ಸೇಮನೆ ತೋಟದಲ್ಲಿ ಯೇಸುವೇ ಕಳವಳಪಡುತ್ತಾನೆ, ನೆಲಕ್ಕೆ ಬೀಳುತ್ತಾನೆ, ಈ ಪಾತ್ರೆ ತಪ್ಪಲಿ ಎಂದು ಬೇಡುತ್ತಾನೆ, ಗೆಳೆಯರು ಎಚ್ಚರವಾಗಿರಲಿ ಎಂದು ಮೂರು ಸಲ ಬಂದು ನೋಡುತ್ತಾನೆ. ಕ್ರೈಸ್ತ ಧೈರ್ಯದ ಅಳತೆಗೋಲು ಈ ತೋಟ. ಅಲ್ಲಿ ಹೆದರಿಕೆಗೆ ಜಾಗವಿದೆ.

ಈ ಕಾರಣಕ್ಕೇ ವಾಗ್ದಾನದ ಪೆಟ್ಟಿಗೆಗೆ ಕಡಿಮೆ ಅಂಕ. ಬಣ್ಣದ ಚಿಕ್ಕ ಕಾರ್ಡುಗಳು, ಒಂದೊಂದರಲ್ಲಿ ಒಂದು ವಾಕ್ಯ, ಕಣ್ಣುಮುಚ್ಚಿ ಒಂದನ್ನು ಎಳೆಯುವುದು. ಅದರಲ್ಲಿ ಪ್ರೀತಿ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಕಾರ್ಡಿನಲ್ಲಿ 27ನೇ ಕೀರ್ತನೆಯ “ನಾನು ಯಾರಿಗೆ ಭಯಪಟ್ಟೇನು?” ಇರುತ್ತದೆ, 7ನೇ ವಚನದಿಂದ ಅದೇ ಬಾಯಿ ಮೊರೆಯಿಡುವುದು ಇರುವುದಿಲ್ಲ. ಯೆಶಾಯ 41:10 ಇರುತ್ತದೆ: “ನೀನಂತು ಹೆದರಬೇಡ, ನಾನೇ ನಿನ್ನೊಂದಿಗಿದ್ದೇನೆ.” ಮೂರೇ ವಚನ ಕೆಳಗೆ, 13ರಲ್ಲಿ, ದೇವರು ಬಲಗೈ ಹಿಡಿದುಕೊಂಡು ಮತ್ತೆ ಅದನ್ನೇ ಹೇಳುವುದು ಇರುವುದಿಲ್ಲ. ಆ ‘ನೀನು’ ಸೋತು ಚದರಿಹೋದ ಇಡೀ ಇಸ್ರಾಯೇಲ್ ಜನ ಎಂಬುದೂ ಗೊತ್ತಾಗುವುದಿಲ್ಲ. 8ರಿಂದ 13ರವರೆಗೆ ಓದಿದರೆ ಒಬ್ಬಂಟಿತನ ಅರ್ಧ ಕಳೆಯುತ್ತದೆ. ಬೈಬಲಿನಲ್ಲಿ ‘ಭಯಪಡಬೇಡ’ ಎಂಬುದು ದಿನಕ್ಕೊಂದರಂತೆ 365 ಸಲ ಇದೆ ಎಂದು ಹಂಚುವ ಚಿತ್ರಗಳನ್ನು ನಂಬಬೇಡಿ, ಎಣಿಸಿದರೆ ಅಷ್ಟು ಸಿಗುವುದಿಲ್ಲ. ಯೆಹೋಶುವ ಮೊದಲ ಅಧ್ಯಾಯವೊಂದರಲ್ಲೇ ಧೈರ್ಯದ ಅಪ್ಪಣೆ 6, 7, 9, 18ನೇ ವಚನಗಳಲ್ಲಿ ನಾಲ್ಕು ಸಲ ಬರುತ್ತದೆ. ಒಮ್ಮೆ ಹೇಳಿದರೆ ಸಾಲದೆಂದು ಹೇಳುವವನಿಗೇ ಗೊತ್ತು.

ಗಿಡಿಯನ್ಸ್ ಸಂಸ್ಥೆಯವರು ಹಂಚುವ ಕಿರುಪುಸ್ತಕ ಉಚಿತ, ಜೇಬಿನಲ್ಲಿ ಹಿಡಿಸುತ್ತದೆ. ಹೊಸ ಒಡಂಬಡಿಕೆಯ ಜೊತೆ ಕೀರ್ತನೆ ಮತ್ತು ಜ್ಞಾನೋಕ್ತಿ ಇರುವ ಪ್ರತಿ ಸಿಕ್ಕರೆ ಆಸ್ಪತ್ರೆಗೆ ಅಷ್ಟು ಸಾಕು. ಹಾಸಿಗೆಯಲ್ಲಿ ಮಲಗಿ ಒಂದೇ ಕೈಯಲ್ಲಿ ಹಿಡಿಯಬಹುದು, ಸಲೈನ್ ಹಾಕಿದ ಕೈಗೆ ಭಾರವಾಗುವುದಿಲ್ಲ. ಎರಡು ಕೊರತೆ: ಅಕ್ಷರ ಬಹಳ ಸಣ್ಣದು, ಮತ್ತು ಯೆಶಾಯ, ಯೆಹೋಶುವ ಅದರಲ್ಲಿ ಇಲ್ಲ. ಆ ಎರಡು ಭಾಗಗಳನ್ನು ಒಂದು ಹಾಳೆಯಲ್ಲಿ ದಪ್ಪಗೆ ಬರೆದು ಒಳಗಿಡಿ.

ಫೋನಿನ ಯೂವರ್ಷನ್ ಆ್ಯಪ್ ಉಚಿತ. ಜೆ.ವಿ., ಸಿ.ಎಲ್. ಸೇರಿ ಹಲವು ಕನ್ನಡ ಅನುವಾದಗಳು ಅದರಲ್ಲಿವೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಒಂದೇ ವಚನವನ್ನು ಬೇರೆ ಬೇರೆ ಅನುವಾದಗಳಲ್ಲಿ ಹೋಲಿಸಬಹುದು. ಹೊರದೇಶದಲ್ಲಿ ಕನ್ನಡ ಪುಸ್ತಕ ಸಿಗದವರಿಗೆ ಇದು ದೊಡ್ಡ ಉಪಕಾರ. ಧ್ವನಿ ಇರುವ ಅನುವಾದಕ್ಕೆ ಸ್ಪೀಕರಿನ ಗುರುತು ಕಾಣುತ್ತದೆ. ನೆಟ್‌ವರ್ಕ್ ಸಿಗದ ವಾರ್ಡಿಗೆ ಹೋಗುವ ಮುನ್ನವೇ ಬೇಕಾದದ್ದನ್ನು ಡೌನ್‌ಲೋಡ್ ಮಾಡಲು ಆಗುತ್ತದೆಯೇ ನೋಡಿಕೊಳ್ಳಿ. ಎಲ್ಲ ಅನುವಾದಕ್ಕೂ ಆ ಅವಕಾಶ ಇರುವುದಿಲ್ಲ. ರಾತ್ರಿ 2 ಗಂಟೆಗೆ ಮಾತ್ರ ಫೋನು ಒಳ್ಳೆಯ ಜೊತೆಗಾರನಲ್ಲ. ಕೀರ್ತನೆ ತೆರೆಯಲು ಹೋದ ಬೆರಳು ವಾಟ್ಸ್ಆ್ಯಪ್‌ಗೆ ಹೋಗುತ್ತದೆ, ಅಲ್ಲಿಂದ ರೋಗದ ಹೆಸರು ಹುಡುಕಲು ಹೋಗುತ್ತದೆ, ಬೆಳಕು ಕಣ್ಣು ಕುಕ್ಕುತ್ತದೆ. ಐಸಿಯುನಲ್ಲಿ ಫೋನನ್ನೇ ಒಳಗೆ ಬಿಡದಿರಬಹುದು.

ಓದಿಹೇಳುವವರಿಗೆ: ಒಂದು ಸಲಕ್ಕೆ ಒಂದೇ ಭಾಗ. 23ನೇ ಕೀರ್ತನೆ, ಇಲ್ಲವೇ 8 ವಚನಗಳ 121ನೇ ಕೀರ್ತನೆ, ನಿಧಾನವಾಗಿ ಓದಿದರೂ ಎರಡು ನಿಮಿಷ ದಾಟುವುದಿಲ್ಲ. ಅದನ್ನೇ ಮೂರು ಸಲ ಓದಿ, ನಡುವೆ ಬೋಧನೆ ಬೇಡ. ಮೂರನೇ ಸಲಕ್ಕೆ ರೋಗಿ ಜೊತೆ ಸೇರುತ್ತಾರೆ. ಏನೂ ಸಮಾಧಾನ ಹತ್ತದವರಿಗೆ 88ನೇ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ. ‘ನಿಮಗೆ ನಂಬಿಕೆ ಕಡಿಮೆ’ ಎಂಬ ಮಾತು ಆ ಕೋಣೆಯಲ್ಲಿ ಬರಲೇಬಾರದು.

ಓದು ಔಷಧಿಯ ಬದಲಿಗಲ್ಲ. ಕೊಲೊಸ್ಸೆ 4:14ರಲ್ಲಿ ಪೌಲ ತನ್ನ ಪ್ರಿಯ ವೈದ್ಯ ಲೂಕನನ್ನು ಹೆಸರಿಸುತ್ತಾನೆ. ಎದೆನೋವು, ಉಸಿರು ಸಿಗದಿರುವುದು ಇದ್ದರೆ ಮೊದಲು 108. ದಿನಗಟ್ಟಲೆ ಭಯ, ನಿದ್ದೆಯಿಲ್ಲದಿರುವುದು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ.

ಕೊಳ್ಳುವುದಾದರೆ ನಮ್ಮ ಸಲಹೆ ದೊಡ್ಡಕ್ಷರದ ಜೆ.ವಿ., ಕಥೋಲಿಕ ಮನೆಗೆ ಸಿ.ಎಲ್. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಬೈಬಲ್ ಸೊಸೈಟಿಯ ಕಚೇರಿ ಇದೆ, ಸಭೆಗಳ ಪುಸ್ತಕದಂಗಡಿಗಳಲ್ಲೂ ಕೇಳಬಹುದು. ಕೊಳ್ಳುವ ಮುನ್ನ ಕೀರ್ತನೆಗಳ ಪುಟ ತೆರೆದು, ತೋಳುದ್ದ ದೂರ ಹಿಡಿದು, ಕನ್ನಡಕದಲ್ಲಿ ಓದಲು ಬರುತ್ತದೆಯೇ ಪರೀಕ್ಷಿಸಿ. ಕಾಗದ ಬಹಳ ತೆಳು, ಹಾಗಾಗಿ ಜೆಲ್ ಪೆನ್ನಿನಿಂದ ಗೆರೆ ಎಳೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ, ಪೆನ್ಸಿಲ್ ಬಳಸಿ. 23, 27, 56, 121ನೇ ಕೀರ್ತನೆಗಳಿಗೂ ಮಾರ್ಕ 4ಕ್ಕೂ ಐದು ಬಣ್ಣದ ದಾರ ಇಟ್ಟು, ತುದಿ ಹೊರಗೆ ಒಂದು ಬೆರಳಿನಷ್ಟು ಕಾಣುವಂತೆ ಬಿಡಿ. ರಾತ್ರಿ ದೀಪ ಹಾಕದೆಯೂ ಆ ದಾರ ಕೈಗೆ ಸಿಗುತ್ತದೆ.