ನೂರು ಬಾಕ್ಸ್ ಟೊಮೆಟೊ, ನಾಲ್ಕು ಪಿಕಪ್

ಹೊಸ ಪಿಕಪ್ ತೆಗೆದುಕೊಳ್ಳೋಣ ಅಂತ ಮನೆಯಲ್ಲಿ ಮಾತು ಬಂದ ದಿನವೇ ಅಪ್ಪ ಹೇಳಿಬಿಟ್ಟರು: "ಅದರಲ್ಲಿ ನೋಡೋದೇನಿದೆ? ಬೊಲೆರೊ ತಗೋ." ನಮ್ಮ ಶ್ರೀನಿವಾಸಪುರದ ಕಡೆ ಯಾರನ್ನು ಕೇಳಿದರೂ ಇದೇ ಮಾತು. ಪಿಕಪ್ ಅಂದರೇನೇ ಬೊಲೆರೊ.

ಅಪ್ಪನ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಕೇಳಿದ ಮಾತಿನ ಮೇಲೆ ಅಷ್ಟು ದೊಡ್ಡ ಸಾಲ ಮಾಡಲು ನನಗೆ ಮನಸ್ಸಾಗಲಿಲ್ಲ. ಹಿಂದೊಮ್ಮೆ ಹಾಗೆ ಮಾಡಿ ಪೆಟ್ಟು ತಿಂದಿದ್ದೆ. ಸೆಕೆಂಡ್ ಹ್ಯಾಂಡ್ ಮಿನಿ ಟ್ರಕ್ ಒಂದನ್ನು ರೇಟ್ ಕಡಿಮೆ ಅಂತ ತಂದೆ. ಅದು ಮುಕ್ಕಾಲು ಟನ್ನಿನ ಗಾಡಿ. ನಾನು ಎಪ್ಪತ್ತು ಬಾಕ್ಸ್ ಹೇರುತ್ತಿದ್ದೆ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಎರಡು ಸಲ ಮುರಿಯಿತು. ಎರಡನೇ ಸಲ ಬೆಳಗಿನ ಹರಾಜು ತಪ್ಪಿ, ಹಣ್ಣು ಮಧ್ಯಾಹ್ನದ ಬಿಸಿಲಲ್ಲಿ ಕೂತಿತ್ತು. ತಪ್ಪು ಗಾಡಿಯದಲ್ಲ. ನನ್ನ ಲೋಡ್ ಎಷ್ಟು ಅಂತ ಲೆಕ್ಕ ಹಾಕದೆ ಗಾಡಿ ತಂದದ್ದೇ ತಪ್ಪು.

ಹಾಗಾಗಿ ಈ ಸಲ ಮೊದಲು ಲೆಕ್ಕ ಹಾಕಿದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ನಮ್ಮದು ಮತ್ತು ಪಕ್ಕದ ತೋಟದವರದು ಸೇರಿದರೆ ಕೊಯ್ಲಿನ ದಿನ ನೂರು ಬಾಕ್ಸ್ ಆಗುತ್ತದೆ. ಹಣ್ಣೇ 1,500 ಕೆ.ಜಿ. ಆಯಿತು. ಖಾಲಿ ಬಾಕ್ಸ್ ಒಂದೊಂದೂ ಒಂದೂವರೆ ಕೆ.ಜಿ. ಮೇಲೆಯೇ ತೂಗುತ್ತದೆ. ಅದನ್ನೂ ಸೇರಿಸಿದರೆ 1,700 ಕೆ.ಜಿ. ಹತ್ತಿರ ಬಂತು. ಜಾಸ್ತಿ ಜನ ಈ ಬಾಕ್ಸಿನ ತೂಕವನ್ನೇ ಮರೆಯುತ್ತಾರೆ. "ಒಂದೂವರೆ ಟನ್ನಿನ ಗಾಡಿ, ನೂರು ಬಾಕ್ಸ್ ಹಾಕ್ಬಹುದು" ಅನ್ನುತ್ತಾರೆ. ಹಾಕಬಹುದು, ಆದರೆ ಅದು ಓವರ್‌ಲೋಡ್. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್ ದಂಡ 20,000 ರೂಪಾಯಿಯಿಂದ ಶುರು. ಒಂದು ಲೋಡಿನ ಲಾಭವೆಲ್ಲಾ ಅಲ್ಲೇ ಹೋಗುತ್ತದೆ.

ಆಮೇಲೆ ಶೋರೂಮ್ ಸುತ್ತಿದೆ. ಟೆಸ್ಟ್ ಡ್ರೈವ್ ಅಂತ ಖಾಲಿ ಗಾಡಿ ಕೊಟ್ಟು, ಹೈವೇಯಲ್ಲಿ ಎರಡು ಕಿಲೋಮೀಟರ್ ಓಡಿಸಿ ಕರೆತರುತ್ತಾರೆ. ಖಾಲಿ ಇದ್ದಾಗ ಯಾವ ಪಿಕಪ್ ಆದರೂ ಓಡುತ್ತದೆ, ಅಲ್ವಾ? "ಲೋಡ್ ಹಾಕಿ ನೋಡಬೇಕು" ಅಂದಾಗ ಒಂದು ಕಡೆ ಸರಿಯಾಗಿ ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಬೇರೆ ದಾರಿ ಹಿಡಿದೆ. ಆಗಸ್ಟ್, ಸೆಪ್ಟೆಂಬರ್ ಕೊಯ್ಲಿನಲ್ಲಿ ನಮ್ಮ ಹಳೆಯ ಗಾಡಿ ನಿಲ್ಲಿಸಿ, ಮೂರು ಕಂಪನಿಯ ನಾಲ್ಕು ಗಾಡಿಗಳನ್ನು ಬೇರೆ ಬೇರೆ ದಿನ ಬಾಡಿಗೆಗೆ ಕರೆಸಿದೆ. ನಮ್ಮದೇ ಹಣ್ಣು, ನಮ್ಮದೇ ತೋಟದ ದಾರಿ, ಅದೇ ಮಂಡಿ. "ಅಣ್ಣಾ, ಹೊಸದು ತಗೋಬೇಕು ಅಂತಿದೀನಿ, ಸ್ವಲ್ಪ ದೂರ ನಾನು ಓಡಿಸ್ಲಾ?" ಅಂತ ಕೇಳಿದರೆ ಯಾವ ಡ್ರೈವರೂ ಬೇಡ ಅನ್ನಲಿಲ್ಲ. ಬಾಡಿಗೆಗೆ ಹೋದ ದುಡ್ಡು ಹೇಗೂ ಹೋಗಬೇಕಾಗಿದ್ದದ್ದೇ. ಪಿಕಪ್ ತೆಗೆದುಕೊಳ್ಳುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ತೋಟದ ದಾರಿ ಬಗ್ಗೆಯೂ ಹೇಳಬೇಕು. ಟಾರ್ ರಸ್ತೆಯಿಂದ ಒಳಗೆ ಮುಕ್ಕಾಲು ಕಿಲೋಮೀಟರ್ ಕೆಮ್ಮಣ್ಣು. ಒಂದು ಕಡೆ ಬದು, ಇನ್ನೊಂದು ಕಡೆ ಕಾಲುವೆ. ಕೊನೆಯಲ್ಲಿ ಒಂದು ಕಡಿದಾದ ತಿರುವು. ಮಳೆ ಬಂದರೆ ಬೆಣ್ಣೆ ಸವರಿದ ಹಾಗೆ ಜಾರುತ್ತದೆ.

ಮೊದಲು ಬಂದದ್ದು ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಎಚ್‌ಡಿ, 1.7 ಟನ್ನಿನದು. 2.5 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್. ಅಪ್ಪ ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದರು ಅನ್ನುವುದು ಹತ್ತು ನಿಮಿಷದಲ್ಲೇ ಗೊತ್ತಾಯಿತು. ನೂರು ಬಾಕ್ಸ್ ಹೇರಿದ್ದರೂ ಮಣ್ಣಿನ ದಾರಿಯಲ್ಲಿ ಎರಡನೇ ಗೇರ್ ಹಾಕಿ ಆಕ್ಸಿಲರೇಟರ್ ಮೇಲೆ ಕಾಲು ಸುಮ್ನೆ ಇಟ್ಟರೆ ಸಾಕು, ತಾನಾಗಿ ಎಳೆದುಕೊಂಡು ಹೋಗುತ್ತದೆ. ಎಂಜಿನ್ ಮುಂದೆ ಬಾನೆಟ್ ಒಳಗಿದೆ. ಹಾಗಾಗಿ ಕ್ಯಾಬಿನ್ ತಂಪಾಗಿರುತ್ತದೆ, ಮೆಕ್ಯಾನಿಕ್ ನಿಂತುಕೊಂಡೇ ಕೆಲಸ ಮಾಡಬಹುದು. ನಮ್ಮೂರಿನ ಮೆಕ್ಯಾನಿಕ್‌ಗೆ ಈ ಎಂಜಿನ್ ಅಂಗೈ ಮೇಲಿನ ಗೆರೆ ಇದ್ದ ಹಾಗೆ. 20,000 ಕಿಲೋಮೀಟರಿಗೆ ಒಂದು ಸರ್ವಿಸ್ ಅಂತ ಕಂಪನಿಯೇ ಹೇಳುತ್ತದೆ. ಮಾರುವಾಗ ಒಳ್ಳೆಯ ಬೆಲೆ ಬರುವುದೂ ಇದಕ್ಕೇ.

ನನಗೆ ಯೋಚನೆ ಬಂದದ್ದು ತೋಟದ ಆ ತಿರುವಿನಲ್ಲಿ. ಮುಂದೆ ಬಾನೆಟ್ ಇರುವುದರಿಂದ ಕಾಲುವೆಯ ಅಂಚು ಸೀಟಿನಲ್ಲಿ ಕೂತವನಿಗೆ ಕಾಣುವುದಿಲ್ಲ. ಇಳಿದು ನೋಡಿ, ಹಿಂದೆ ಮುಂದೆ ಮಾಡಿ ತಿರುಗಿಸಿದೆ. ಇದು ಬಾನೆಟ್ ಇರುವ ಯಾವ ಗಾಡಿಗಾದರೂ ಇರುವ ಮಾತು. ವಾರಕ್ಕೊಮ್ಮೆಯಾದರೆ ಪರವಾಗಿಲ್ಲ. ನಮಗೆ ಸೀಸನ್ನಿನಲ್ಲಿ ಎರಡು ದಿನಕ್ಕೊಮ್ಮೆ ಬೆಳಗಿನ ಜಾವದ ಕತ್ತಲಲ್ಲಿ ಈ ತಿರುವು ದಾಟಬೇಕು.

ಟಾಟಾದಲ್ಲಿ ಎರಡು ನೋಡಿದೆ. ಯೋಧ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2.2 ಲೀಟರ್ ಎಂಜಿನ್, 100 ಎಚ್‌ಪಿ, 250 ಎನ್ಎಂ ಟಾರ್ಕ್, ಅಂದರೆ ಎಳೆಯುವ ಬಲ. ನಾನು ಓಡಿಸಿದ ನಾಲ್ಕರಲ್ಲಿ ಇದರ ಶಕ್ತಿಯೇ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ನಾಲ್ಕೂ ಚಕ್ರ ಎಳೆಯುವ 4x4 ಕೂಡ ಸಿಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಏರು ಹತ್ತುವವರು ಮೊದಲು ಇದನ್ನೇ ಓಡಿಸಿ ನೋಡಬೇಕು. ಕೋಲಾರದ ಬಯಲಲ್ಲಿ ಅಷ್ಟು ಶಕ್ತಿಗೆ ಕೆಲಸವಿಲ್ಲ. ಕೆಲಸವಿಲ್ಲದ ಶಕ್ತಿಗೂ ಡೀಸೆಲ್ ಹಾಕಬೇಕು.

ಇಂಟ್ರಾ ವಿ50 ಬೇರೆಯೇ ಜಾತಿ. 1.5 ಲೀಟರ್ ಎಂಜಿನ್, 220 ಎನ್ಎಂ. ಓಡಿಸಲು ಕಾರಿನ ಹಾಗೆ. ಗೇರ್ ಲಿವರ್ ಡ್ಯಾಶ್‌ಬೋರ್ಡಿನಲ್ಲೇ ಇದೆ, ಸ್ಟೇರಿಂಗ್ ಹಗುರ. ಆ ತಿರುವನ್ನು ಒಂದೇ ಸಲಕ್ಕೆ ದಾಟಿದೆ. ನನಗೆ ತುಂಬಾ ಇಷ್ಟವಾಯಿತು. ಆದರೆ ಇದರ ಪೇಲೋಡ್, ಅಂದರೆ ಹೊರಬಹುದಾದ ತೂಕ, 1,500 ಕೆ.ಜಿ. ಬಾಕ್ಸಿನ ತೂಕವನ್ನೂ ಹಿಡಿದರೆ ಸುಮಾರು ಎಂಬತ್ತೆಂಟು, ತೊಂಬತ್ತು ಬಾಕ್ಸಿಗೆ ನಿಲ್ಲಬೇಕು. ಆವತ್ತು ನಾವು ಎಂಬತ್ತೈದೇ ಹೇರಿದ್ದು. ಇನ್ನೊಂದು ವಿಷಯ. ನಮ್ಮ ಬಾಕ್ಸ್ ಸುಮಾರು 54 ಸೆಂ.ಮೀ. ಉದ್ದ, 36 ಅಗಲ. ವಿ50 ಬಾಡಿಯ ಅಗಲ 162 ಸೆಂ.ಮೀ. ಉದ್ದುದ್ದಕ್ಕೆ ಮೂರು ಬಾಕ್ಸ್ ಇಟ್ಟರೆ ಬೆರಳು ತೂರಿಸಲೂ ಜಾಗವಿರುವುದಿಲ್ಲ. ಹಮಾಲಿ ಮಾಡುವವರು ಗೊಣಗಿದರು. ಇಳಿಸುವಾಗ ಬಾಕ್ಸ್ ಎಳೆದಾಡಿದರೆ ಹಣ್ಣು ನಲುಗುತ್ತದೆ. ಬೆಂಗಳೂರಿನಲ್ಲಿ ಅಂಗಡಿ ಅಂಗಡಿಗೆ ಮಾಲು ಹಾಕುವ ನನ್ನ ಭಾಮೈದನಿಗೆ ಮಾತ್ರ "ನೀನು ಇದನ್ನೇ ತಗೋ" ಅಂತ ಹೇಳಿದ್ದೇನೆ. ಗಲ್ಲಿಗಳಿಗೆ ಇದಕ್ಕಿಂತ ಹೊಂದುವ ಗಾಡಿ ನನಗೆ ಕಾಣಲಿಲ್ಲ.

ಕೊನೆಗೆ ಬಂದದ್ದು ಅಶೋಕ್ ಲೇಲ್ಯಾಂಡಿನ ಬಡಾ ದೋಸ್ತ್ ಐ4. 2020ರಲ್ಲಿ ಬಂದ ಮಾಡೆಲ್. ಪೇಲೋಡ್ 1,800 ಕೆ.ಜಿ. ದಾಟುತ್ತದೆ. ಎಂಜಿನ್ 1.5 ಲೀಟರ್, ಮೂರೇ ಸಿಲಿಂಡರ್, 80 ಎಚ್‌ಪಿ, 190 ಎನ್ಎಂ. ಈ ಮೂರು ಸಿಲಿಂಡರ್ ಅನ್ನುವುದೇ ನನಗೆ ಅನುಮಾನವಿತ್ತು. ನೂರು ಬಾಕ್ಸ್ ಹೇರಿ ಮಣ್ಣಿನ ದಾರಿಗೆ ಇಳಿಸಿದಾಗ ನಿಂತಲ್ಲಿಂದ ಹೊರಡಲು ಬೊಲೆರೊಗಿಂತ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಬೇಕಾಯಿತು. ಸದ್ದೂ ಬೇರೆ ಥರ. ಆದರೆ ಹೊರಟ ಮೇಲೆ ಎಲ್ಲೂ ತಿಣುಕಲಿಲ್ಲ. ಹೈವೇಯಲ್ಲಿ ಆರಾಮಾಗಿ ಓಡಿತು.

ಇದರಲ್ಲೂ ಗೇರ್ ಡ್ಯಾಶ್‌ಬೋರ್ಡಿನಲ್ಲೇ. ಸೀಟಿನಿಂದ ಸೀಟಿಗೆ ಜಾರಿ ಎಡಗಡೆ ಬಾಗಿಲಿನಿಂದ ಇಳಿಯಬಹುದು. ಬಲಗಡೆ ಕಾಲುವೆ ಇರುವ ನಮ್ಮ ದಾರಿಯಲ್ಲಿ ಇದು ಎಷ್ಟು ಉಪಯೋಗ ಅಂತ ಅವತ್ತೇ ಗೊತ್ತಾಯಿತು. ಮುಂದೆ ಬಾನೆಟ್ ಉದ್ದವಿಲ್ಲದ ಕಾರಣ ಬದುವಿನ ಅಂಚು ಕಾಲ ಹತ್ತಿರವೇ ಕಾಣುತ್ತದೆ. ಬಾಡಿಯ ಅಗಲ 175 ಸೆಂ.ಮೀ. ಮೂರು ಬಾಕ್ಸ್ ಇಟ್ಟು ಇನ್ನೂ ಒಂದು ಅಂಗೈ ಜಾಗ ಉಳಿಯುತ್ತದೆ. ಉದ್ದಕ್ಕೆ ಎಂಟು ಸಾಲು, ಒಂದು ವರಸೆಗೆ ಇಪ್ಪತ್ನಾಲ್ಕು. ನಾಲ್ಕು ವರಸೆಗೆ ತೊಂಬತ್ತಾರು ಆಯಿತು, ಮೇಲೆ ನಾಲ್ಕು ಬಾಕ್ಸ್. ಹಗ್ಗ ಕಟ್ಟಿ ಹೊರಟೆವು. ಮಂಡಿಯಲ್ಲಿ ಇಳಿಸುವಾಗ ಅಡಿಯ ವರಸೆಯ ಬಾಕ್ಸ್‌ಗಳನ್ನೇ ನೋಡಿದೆ. ಹಣ್ಣು ಚೆನ್ನಾಗಿತ್ತು.

ಬಿಟ್ಟುಕೊಡಬೇಕಾದದ್ದೂ ಇದೆ. ಇದರ ಹಾಗೆ ಎಂಜಿನ್ ಸೀಟಿನ ಕೆಳಗಿರುವ ಗಾಡಿಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಕ್ಯಾಬಿನ್ನಿಗೆ ಬಿಸಿ ತಟ್ಟುತ್ತದೆ. ಕೆಲಸ ಮಾಡಲು ಸೀಟು ಎತ್ತಬೇಕು. ನಮ್ಮೂರಿನ ಮೆಕ್ಯಾನಿಕ್ "ನಂಗೆ ಇದು ಅಷ್ಟು ಅಭ್ಯಾಸ ಇಲ್ಲಣ್ಣ" ಅಂತ ನೇರವಾಗಿಯೇ ಹೇಳಿದ. ಅದನ್ನು ನಾನು ತುಂಬಾ ಯೋಚಿಸಿದೆ. ಕಂಪನಿಯ ಕಾರ್ಖಾನೆ ಹೊಸೂರಿನಲ್ಲಿದೆ, ನಮಗೆ ದೂರವೇನಲ್ಲ. ಕೋಲಾರದಲ್ಲಿ ಬಿಡಿಭಾಗ ಸಿಗುತ್ತದಾ ಅಂತ ಮೂರು ಅಂಗಡಿಯಲ್ಲಿ ಕ್ಲಚ್ ಪ್ಲೇಟ್, ಫಿಲ್ಟರ್, ಬ್ರೇಕ್ ಶೂ ಹೆಸರು ಹೇಳಿ ವಿಚಾರಿಸಿದೆ. ಎರಡರಲ್ಲಿ ಇತ್ತು.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಟ್ರಿಪ್ಪಿನಲ್ಲಿ ಅದನ್ನು ಅಳೆಯಲು ಆಗುವುದಿಲ್ಲ, ಅಳೆದೆ ಅಂದರೆ ಸುಳ್ಳಾಗುತ್ತದೆ. ಮಂಡಿಯಲ್ಲಿ ನಿಂತಿದ್ದ ಗಾಡಿಗಳ ಓನರ್‌ಗಳನ್ನೇ ಕೇಳಿದೆ. 1.5 ಲೀಟರಿನ ಎರಡೂ ಗಾಡಿಯವರು ದೊಡ್ಡ ಎಂಜಿನ್‌ನವರಿಗಿಂತ ಖುಷಿಯಲ್ಲಿದ್ದರು. ನಾನು ನಂಬಿದ್ದು ಅಷ್ಟನ್ನೇ.

ಕಾಗದಪತ್ರದ ವಿಷಯ ಬ್ರ್ಯಾಂಡಿಗಿಂತ ಮುಖ್ಯ. ಲೋಡ್ ಸಮೇತ ಒಟ್ಟು ತೂಕ 3,000 ಕೆ.ಜಿ. ಒಳಗಿರುವ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ನೂರು ಬಾಕ್ಸ್ ಹೊರುವ ಗಾಡಿಗಳೆಲ್ಲಾ ಅದನ್ನು ದಾಟುತ್ತವೆ, ಪರ್ಮಿಟ್ ಬೇಕು. ಮಾವಿನ ಸೀಸನ್ನಿನಲ್ಲಿ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ ಹೋಗುವವರು ಆಂಧ್ರಕ್ಕೂ ಸೇರಿಸಿ ಮಾಡಿಸಿಕೊಳ್ಳಬೇಕು. ಲೈಸೆನ್ಸ್ ಬಗ್ಗೆ ಹೆದರಬೇಡಿ. 7,500 ಕೆ.ಜಿ. ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇರುತ್ತದೆ. ಅದರ ಖರ್ಚನ್ನೂ ಇಎಂಐ ಜೊತೆಗೇ ಬರೆದುಕೊಳ್ಳಿ.

2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಮೂಲ ಬೆಲೆ 8 ಲಕ್ಷ ಅಂದುಕೊಂಡರೆ ತೆರಿಗೆಯಲ್ಲೇ 80,000 ಉಳಿಯಿತು. ಅಲ್ಲಿಯವರೆಗೆ ಕಾದದ್ದು ಒಳ್ಳೆಯದಾಯಿತು.

ಬಡಾ ದೋಸ್ತ್ ಬುಕ್ ಮಾಡಿದೆ. ತೋಟದವರೆಗೂ ಟಾರ್ ರಸ್ತೆ ಇದ್ದಿದ್ದರೆ, ಇಲ್ಲವೇ ಐದು ವರ್ಷಕ್ಕೇ ಮಾರುವ ಯೋಚನೆ ಇದ್ದಿದ್ದರೆ, ಅಪ್ಪ ಹೇಳಿದ ಬೊಲೆರೊವನ್ನೇ ತರುತ್ತಿದ್ದೆ. ಅಪ್ಪನಿಗೂ ಹಾಗೆಯೇ ಹೇಳಿದೆ. ಅವರು ಏನೂ ಅನ್ನಲಿಲ್ಲ. ದೀಪಾವಳಿ ಕಳೆದ ಮೇಲೆ ಮೊದಲ ಲೋಡಿಗೆ ತಾವೇ ಬಂದು ಎಡಗಡೆ ಸೀಟಿನಲ್ಲಿ ಕೂತರು. ಕತ್ತಲಲ್ಲಿ ಆ ತಿರುವು ದಾಟುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಾ, ಬಾ, ಜಾಗ ಇದೆ" ಅಂದರು. ಮಂಡಿಗೆ ಹೋಗುವ ಮೊದಲು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಹಾಕಿಸಿದೆ. ಗಾಡಿಯ ತೂಕ ಕಳೆದು ಲೋಡ್ 1,680 ಕೆ.ಜಿ. ಬಂತು.