ಕೊಳೆ ಹತ್ತಿದ ಉತ್ತರಗಳು: ಕ್ವಿಜ್ ಕಾರ್ಡ್ ಡಬ್ಬಿ, ಮೂರು ಮಳೆಗಾಲದ ಮೇಲೆ

"ಭಾರತದ ಅತಿ ಎತ್ತರದ ಜಲಪಾತ ಯಾವುದು?" ಹಸಿರು ಕಾರ್ಡು. ಹಿಂಬದಿಯ ಉತ್ತರ: ಜೋಗ.

ಸಾಗರದ ಜಗಲಿಯಲ್ಲಿ ಇದನ್ನು ಓದಿದರೆ ಎಲ್ಲರೂ ಒಟ್ಟಿಗೇ ಕೂಗುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಹೊಸನಗರದ ಕಡೆಯವರೊಬ್ಬರು ಕೂತಿದ್ದರೆ ಕಥೆ ಬೇರೆ. ಮಾಸ್ತಿಕಟ್ಟೆ ಹತ್ತಿರದ ಕುಂಚಿಕಲ್ ಎಲ್ಲಿ ಹೋಯಿತು ಎನ್ನುತ್ತಾರೆ. ಪಟ್ಟಿಗಳಲ್ಲಿ ಅದಕ್ಕೆ 455 ಮೀಟರ್, ಜೋಗಕ್ಕೆ 253. ಕುಂಚಿಕಲ್ ಬಂಡೆಯಿಂದ ಬಂಡೆಗೆ ಮೆಟ್ಟಿಲಾಗಿ ಇಳಿಯುತ್ತದೆ. ವಾರಾಹಿ ನದಿಗೆ ಮಾಣಿ ಅಣೆಕಟ್ಟು ಬಂದ ಮೇಲೆ ಅಲ್ಲಿ ನೀರೂ ಕಡಿಮೆ. ಹಾಗಾದರೆ ಒಂದೇ ನೆಗೆತದ ಲೆಕ್ಕ ಹಿಡಿಯೋಣ ಅಂದರೆ ಮೇಘಾಲಯದ ನೊಹ್ಕಲಿಕೈ 340 ಮೀಟರ್. ಯಾವ ದಾರಿಯಲ್ಲಿ ಹೋದರೂ ಕಾರ್ಡಿನ ಉತ್ತರ ತಪ್ಪು. ಜಿಲ್ಲೆಯ ಹೆಮ್ಮೆ ಬೇರೆ, ಅಂಕ ಬೇರೆ.

ಡಬ್ಬಿಯಲ್ಲಿ ಏನೇನಿದೆ ಅಂತ ಮುಚ್ಚಳದ ಮೇಲೇ ಬರೆದಿದೆ, ಇಲ್ಲಿ ಮತ್ತೆ ಬೇಡ. ಇತಿಹಾಸ, ಭೂಗೋಳ, ಆಟ, ಸಿನಿಮಾ ಅಂತ ನಾಲ್ಕು ಬಣ್ಣ, ಅಷ್ಟೇ. ದೊಡ್ಡ ದೋಷ ಒಂದೇ: ಯಾವ ಕಾರ್ಡಿನಲ್ಲೂ ಉತ್ತರ ಯಾವ ವರ್ಷದ್ದು ಅಂತ ಇಲ್ಲ. ಅಡಿಕೆಗೆ ಕೊಳೆ ರೋಗ ಬಂದ ಹಾಗೆ, ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ, ಒಂದು ದಿನ ಉದುರುತ್ತದೆ.

ಮೊದಲು ಉದುರುವುದು ಎಣಿಕೆಯ ಪ್ರಶ್ನೆ. ಕರ್ನಾಟಕದ ಜಿಲ್ಲೆಗಳು 30 ಅಂತ ಇದೆ. 2021ರಲ್ಲಿ ವಿಜಯನಗರ ಸೇರಿ 31 ಆಯಿತು. ರಾಜ್ಯಗಳು 29 ಅಂತ ಇದೆ. ಜಮ್ಮು-ಕಾಶ್ಮೀರ 2019ರಲ್ಲಿ ಕೇಂದ್ರಾಡಳಿತಕ್ಕೆ ಹೋಗಿ 28 ಉಳಿದವು. ಅದರ ಹಿಂದೆಯೇ 'ಇಬ್ಬರು ಮಾತ್ರ', 'ಏಕೈಕ' ಎನ್ನುವ ಕಾರ್ಡುಗಳು. ಟೆಸ್ಟ್‌ನ ಒಂದು ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ಕಿತ್ತ ಇಬ್ಬರು ಯಾರು? ಲೇಕರ್ 1956, ಕುಂಬ್ಳೆ 1999. ಅಚ್ಚಾದಾಗ ಸರಿಯಿದ್ದಿರಬಹುದು. 2021ರ ಡಿಸೆಂಬರ್‌ನಲ್ಲಿ ಎಜಾಜ್ ಪಟೇಲ್ ಮುಂಬೈಯಲ್ಲಿ ಮೂರನೆಯವನಾದ.

ಇತಿಹಾಸ ಹಳೆಯದು, ಅದಕ್ಕೆ ಕೊಳೆ ಹತ್ತುವುದಿಲ್ಲ ಅಂದುಕೊಂಡರೆ ಅದೂ ಸುಳ್ಳು. ಕನ್ನಡದ ಅತಿ ಹಳೆಯ ಶಾಸನಕ್ಕೆ ಉತ್ತರ ಹಲ್ಮಿಡಿ, ಸುಮಾರು ಕ್ರಿ.ಶ. 450. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ 370ರದು ಎಂದ ಮೇಲೆ ಆ ಉತ್ತರ ಅಲುಗಾಡುತ್ತಿದೆ. ಕೆಳದಿ ಅರಸರ ರಾಜಧಾನಿ ಅಂದರೆ ಇಕ್ಕೇರಿ ಅಂತ ಬರೆದಿದ್ದಾರೆ. ಅರ್ಧ ಸರಿ: ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. 1763ರಲ್ಲಿ ಹೈದರಾಲಿ ಹಿಡಿದ ಆ ಬಿದನೂರೇ ಇವತ್ತಿನ 'ನಗರ' ಎಂಬ ಹೆಸರಿನ ಊರು. ಕುವೆಂಪು ಹುಟ್ಟಿದ್ದು ಕುಪ್ಪಳಿ ಎಂಬ ಕಾರ್ಡೂ ಇದೆ. ಬೆಳೆದದ್ದು ಕುಪ್ಪಳಿ. ಹುಟ್ಟಿದ್ದು ತಾಯಿಯ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ. ತೀರ್ಥಹಳ್ಳಿಯವರ ಎದುರು ಇದನ್ನು ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ.

ಪೆನ್ಸಿಲ್ ಹಿಡಿದು ಕೂರಬೇಕು. ಪೆನ್ನು ಬೇಡ, ಮುಂದಿನ ವರ್ಷ ಮತ್ತೆ ಅಳಿಸಬೇಕಾಗುತ್ತದೆ. 'ಅತಿ', 'ಮೊದಲ', 'ಏಕೈಕ', 'ಈಗಿನ', 'ಎಷ್ಟು' ಈ ಐದು ಪದ ಇರುವ ಕಾರ್ಡನ್ನೆಲ್ಲ ಬೇರೆ ತೆಗೆಯಿರಿ, ಒಂದು ಸಂಜೆಯ ಕೆಲಸ. ಉತ್ತರ ತಿದ್ದುವುದಕ್ಕಿಂತ ಪ್ರಶ್ನೆ ತಿದ್ದುವುದು ಲೇಸು: ಅಳತೆ ಇಲ್ಲವೇ ಇಸವಿ ಪ್ರಶ್ನೆಯೊಳಗೇ ಸೇರಿಸಿಬಿಡಿ. "ಶರಾವತಿ 253 ಮೀಟರ್ ಧುಮುಕುವ ಜಲಪಾತ ಯಾವುದು?" ಅಂದರೆ ಜೋಗ ಜೋಗವೇ, ಯಾವ ಹೊಸ ಪಟ್ಟಿ ಬಂದರೂ ಕದಲದು.

ಹೀಗೆ ತಿದ್ದಿದ ಮೇಲೆ ಡಬ್ಬಿಯ ರುಚಿಯೇ ಬೇರೆ. ಆರಿದ್ರಾ ಮಳೆ ಹಿಡಿದು ಕರೆಂಟು ಹೋದ ಸಂಜೆ, ಹಲಸಿನ ಹಪ್ಪಳ ಸುಟ್ಟು ಕಷಾಯ ಕಾಯಿಸಿ ಆಡುವುದಕ್ಕೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಒಂದು ಕಾರ್ಡಿಗಾಗಿ ತಯಾರಿಸಿದವರಿಗೆ ಕೈ ಮುಗಿಯಬೇಕು: "ಮೊದಲ ಟೆಸ್ಟು, 1969, ಕಾನ್ಪುರ, ಎದುರಾಳಿ ಆಸ್ಟ್ರೇಲಿಯಾ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಯಾರು?" ಇಸವಿ, ಊರು, ರನ್ ಎಲ್ಲ ಒಳಗೇ ಇದೆ, ಆದ್ದರಿಂದ ಎಂದೂ ಹಳತಾಗದು. ಗೊತ್ತಾಗದೆ ತಲೆ ಕೆರೆದುಕೊಳ್ಳುವವರಿಗೆ "ಭದ್ರಾವತಿಯಲ್ಲಿ ಹುಟ್ಟಿದವರು" ಎಂದು ಸುಳಿವು ಕೊಡಿ. ಜಿ.ಆರ್. ವಿಶ್ವನಾಥ್ ಹೆಸರು ಹೊರಬಂದಾಗ ಆಗುವ ಗದ್ದಲಕ್ಕೆ ಮಳೆಯ ಸದ್ದೂ ಅಡಗುತ್ತದೆ. ಸಿನಿಮಾ ಕಾರ್ಡುಗಳು ಸಾಧಾರಣ. ಮೊದಲ ಕನ್ನಡ ವಾಕ್ಚಿತ್ರದಂಥವು (ಸತಿ ಸುಲೋಚನಾ, 1934) ಎಲ್ಲರಿಗೂ ಬಾಯಿಪಾಠ. ಜೊತೆಗೆ ಬರುವ 30 ಸೆಕೆಂಡಿನ ಮರಳು ಗಡಿಯಾರ ಮಕ್ಕಳಿಗೆ ಕೊಡಿ, ಮಲೆನಾಡಿನ ಚರ್ಚೆಗೆ ಅದು ಸಾಲದು.

ಇನ್ನು ಮಳೆಗಾಲದ ರಗಳೆ. ಕಾರ್ಡಿನ ಪ್ರಶ್ನೆಯ ಬದಿಗೆ ಮಾತ್ರ ಲ್ಯಾಮಿನೇಶನ್. ಉತ್ತರದ ಬದಿ ಬರೀ ಕಾಗದ, ತೇವ ಹೀರಿ ಹಿಗ್ಗುತ್ತದೆ. ಇನ್ನೊಂದು ಬದಿ ಹಿಗ್ಗುವುದಿಲ್ಲ. ಜುಲೈ ಮುಗಿಯುವಷ್ಟರಲ್ಲಿ ಎಲ್ಲ ಕಾರ್ಡೂ ಸುಟ್ಟ ಹಪ್ಪಳದ ಹಾಗೆ ಪ್ರಶ್ನೆಯ ಕಡೆ ಬಾಗಿರುತ್ತವೆ. ಕಾರ್ಡುಗಳನ್ನು ಒಂದು ಮೇಲ್ಮುಖ, ಒಂದು ಕೆಳಮುಖವಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಂದರ ಬಾಗು ಇನ್ನೊಂದು ತಡೆಯುತ್ತದೆ. ಅವರ ರಟ್ಟಿನ ಡಬ್ಬಿ ಬಿಸಾಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಇಡಿ. ಬೂಷ್ಟು ಬಂದಿದ್ದರೆ ಮೊದಲು ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಹಸಿ ಇರುವಾಗಲೇ ಒರೆಸಿದರೆ ಅಕ್ಷರದ ಮೇಲೆಲ್ಲ ಮೆತ್ತಿಕೊಳ್ಳುತ್ತದೆ. ಬಚ್ಚಲೊಲೆ ಹತ್ತಿರ ಇಡಬೇಡಿ, ಅಲ್ಲಿ ಬಿಸಿಗಿಂತ ಹಬೆಯೇ ಜಾಸ್ತಿ. ಅಡುಗೆ ಒಲೆಯ ಮೇಲಿನ ಅಟ್ಟ ಆಗಬಹುದು.

499 ರೂಪಾಯಿಗೆ ಇದು ಅರ್ಧ ತಯಾರಾದ ಮಾಲು. ಹಾಗಂತ ವಾಪಸ್ ಕೊಡುವ ಮನಸ್ಸೂ ಬರುವುದಿಲ್ಲ. ರಿಯಾಯಿತಿ ಬಂದಾಗ ಕೊಳ್ಳಿ, ಪೆನ್ಸಿಲ್ ಮತ್ತು ರಬ್ಬರ್ ಡಬ್ಬಿಯಲ್ಲೇ ಇಟ್ಟಿರಿ. ಕವಳ (ಎಲೆಯಡಿಕೆ) ಹಾಕುವವರ ಕೈಗೆ ಮಾತ್ರ ಕಾರ್ಡು ಕೊಡಬೇಡಿ, ಅವರು ಉತ್ತರ ಹೇಳಲಿ ಸಾಕು. ಸುಣ್ಣದ ಬೆರಳಿನ ಗುರುತು ಆ ಕಾಗದದ ಬದಿಯಿಂದ ಏನು ಮಾಡಿದರೂ ಹೋಗುವುದಿಲ್ಲ.