ಶಿಮಾನೊ ಎಂ520 ಪೆಡಲ್: ಕಾಲು ಬಿಡಿಸಿಕೊಳ್ಳುವವರ ಕಣ್ಣಿಂದ

ಬೂಟನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಸೈಕಲ್ ಪೆಡಲ್ ಕೊಳ್ಳಲು ಹೊರಟವರು ತೂಕ ಎಷ್ಟು, ಬೇರಿಂಗ್ ಎಂಥದ್ದು, ಬೆಲೆ ಎಷ್ಟು ಎಂದು ಕೇಳುತ್ತಾರೆ. ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಸಿಗ್ನಲ್ಲಿನಲ್ಲಿ ಮುಂದಿನ ಆಟೊ ಗಕ್ಕನೆ ನಿಂತಾಗ ಇದು ಕಾಲು ಬಿಡುತ್ತದೆಯೇ ಎಂದು. ಶಿಮಾನೊ ಪಿಡಿ-ಎಂ520 ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ. ಮೊದಲ ಸಲ ಕ್ಲೀಟ್, ಅಂದರೆ ಪೆಡಲ್ಲಿಗೆ ಸಿಕ್ಕಿಕೊಳ್ಳುವ ಬೂಟಿನ ತಳದ ಲೋಹದ ತುಂಡು, ಹಾಕುವವರಿಗೆ ಧೈರ್ಯವಾಗಿ ಹೇಳಬಹುದಾದ ಪೆಡಲ್ ಇದು. ಆದರೆ ಸರಿಯಾಗಿ ಕೂರಿಸಿ, ಸ್ಪ್ರಿಂಗ್ ಸಡಿಲಿಸಿ, ಹಿಮ್ಮಡಿ ತಿರುಗಿಸುವುದನ್ನು ರೂಢಿ ಮಾಡಿಕೊಂಡವರಿಗೆ ಮಾತ್ರ ಈ ಮಾತು. ಡಬ್ಬ ಬಿಚ್ಚಿದ ದಿನವೇ ಟ್ರಾಫಿಕ್ಕಿಗೆ ಇಳಿದವರು ಮೊದಲ ಸಿಗ್ನಲ್ಲಿನಲ್ಲೇ ನಿಂತ ಜಾಗದಲ್ಲಿ ಮಗುಚಿಕೊಳ್ಳುತ್ತಾರೆ.

ಕಾಲನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವ ಪೆಡಲ್ಲಿಗೆ ಕ್ಲಿಪ್‌ಲೆಸ್ ಎಂಬ ಹೆಸರೇಕೆ ಎಂದು ಎಲ್ಲರಿಗೂ ಗೊಂದಲ. ಹಿಂದೆ ರೇಸ್ ಸೈಕಲ್ಲುಗಳ ಪೆಡಲ್ ಮುಂದೆ ಕಾಲ್ಬೆರಳು ತೂರಿಸುವ ಲೋಹದ ಟೋ ಕ್ಲಿಪ್, ಅದಕ್ಕೊಂದು ಚರ್ಮದ ಪಟ್ಟಿ ಇರುತ್ತಿತ್ತು. ಆ ಕ್ಲಿಪ್ ಇಲ್ಲದ್ದು ಕ್ಲಿಪ್‌ಲೆಸ್. ಹಿಮದ ಮೇಲೆ ಜಾರುವ ಸ್ಕೀ ಬೂಟಿನ ಹಿಡಿಕೆ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ತಂತ್ರವನ್ನು ಸೈಕಲ್ಲಿಗೆ ತಂದಿತು. ಬರ್ನಾರ್ ಹಿನೋ 1985ರ ಟೂರ್ ದ ಫ್ರಾನ್ಸ್ ಗೆದ್ದದ್ದು ಆ ಪೆಡಲ್ ತುಳಿದು. ಸ್ಕೀ ಹಿಡಿಕೆಯ ಗುಣ ಇಲ್ಲೂ ಉಳಿದಿದೆ: ಎಳೆದರೆ ಬಿಡುವುದಿಲ್ಲ, ತಿರುಚಿದರೆ ಬಿಡುತ್ತದೆ. 1990ರಲ್ಲಿ ಶಿಮಾನೊ ತಂದ ಎಸ್‌ಪಿಡಿ ಎಂಬ ಕ್ಲಿಪ್‌ಲೆಸ್ ಪದ್ಧತಿಯಲ್ಲಿ ಕ್ಲೀಟ್ ಚಿಕ್ಕದಾಗಿ ಬೂಟಿನ ತಳದೊಳಗೆ ಹುದುಗಿತು, ಇಳಿದು ನಡೆಯುವುದೂ ಸಲೀಸಾಯಿತು. ಎಂ520 ಆ ಸಂತತಿಯದು.

ಡಬ್ಬದಲ್ಲಿ ಎರಡು ಪೆಡಲ್, ಎಸ್‌ಎಚ್51 ಕ್ಲೀಟ್ ಒಂದು ಜೊತೆ ಮತ್ತು ಅವುಗಳ ಬೋಲ್ಟ್ ಬರುತ್ತವೆ. ಎರಡು ಪೆಡಲ್ ಸೇರಿ ತೂಕ ಸುಮಾರು 380 ಗ್ರಾಂ. ಎರಡೂ ಮುಖದಲ್ಲಿ ಹಿಡಿಕೆ ಇರುವುದರಿಂದ ಪೆಡಲ್ ಹೇಗೆ ತಿರುಗಿ ನಿಂತರೂ ಕಾಲು ಸಿಕ್ಕಿಸಬಹುದು. ಬೂಟಿನ ತಳದಲ್ಲಿ ಎರಡು ಬೋಲ್ಟಿನ ಕ್ಲೀಟಿಗೆ ಜಾಗ ಇರಲೇಬೇಕು, ರೋಡ್ ಬೈಕಿನ ಮೂರು ಬೋಲ್ಟಿನ ಬೂಟು ಇದಕ್ಕೆ ಆಗಿಬರುವುದಿಲ್ಲ. ಪೆಡಲ್ ಹಾಕಲು 15 ಮಿ.ಮೀ. ಸ್ಪ್ಯಾನರ್ ಬೇಕು. ಎಡಗಡೆಯ ಪೆಡಲ್ಲಿಗೆ ಉಲ್ಟಾ ಮರೆ (ಥ್ರೆಡ್). ಎರಡೂ ಕಡೆಗೆ ಒಂದೇ ನೆನಪು ಸಾಕು: ಪೆಡಲ್ ಅಚ್ಚನ್ನು ಮುಂದಿನ ಚಕ್ರದತ್ತ ಉರುಳುವ ಹಾಗೆ ತಿರುಗಿಸಿದರೆ ಬಿಗಿ, ಹಿಂದಕ್ಕೆ ತಿರುಗಿಸಿದರೆ ಸಡಿಲ. ಮರೆಗೆ ಗ್ರೀಸ್ ಸವರಿ ಹಾಕಿ. ಇಲ್ಲದಿದ್ದರೆ ಒಂದೆರಡು ಮಳೆಗಾಲ ಕಳೆದ ಮೇಲೆ ಬಿಚ್ಚಲು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗಬೇಕಾಗುತ್ತದೆ.

ಇನ್ನು ಕ್ಲೀಟನ್ನು ಹಿಡಿದಿಡುವ ಸ್ಪ್ರಿಂಗು. ಹೊಸಬರು ಮುಟ್ಟದೆ ಬಿಡುವುದು ಇದನ್ನೇ, ಬೀಳುವುದೂ ಇದರಿಂದಲೇ. ಪ್ರತಿ ಪೆಡಲ್ಲಿನ ಪ್ರತಿ ಮುಖಕ್ಕೂ ಒಂದೊಂದು ತಿರುಪು ಇದೆ, ಒಟ್ಟು ನಾಲ್ಕು. 3 ಮಿ.ಮೀ. ಅಲನ್ ಕೀ ಹಾಕಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಾ ಸಡಿಲವಾಗುತ್ತದೆ. ಬಿಗಿ ಎಷ್ಟಿದೆ ಎಂದು ತೋರಿಸುವ ಸೂಚಕ ಅತಿ ಸಡಿಲದ ತುದಿಗೆ ಬರುವವರೆಗೆ ತಿರುಗಿಸಿ, ಅಲ್ಲಿಗೆ ನಿಲ್ಲಿಸಿ. ಅದನ್ನೂ ಮೀರಿದರೆ ತಿರುಪು ಕಳಚಿಕೊಳ್ಳುತ್ತದೆ. ನಾಲ್ಕೂ ತಿರುಪು ಒಂದೇ ಮಟ್ಟದಲ್ಲಿರಬೇಕು. ಮೂರು ಸಡಿಲವಾಗಿ ನಾಲ್ಕನೆಯದು ಬಿಗಿಯಾಗಿ ಉಳಿದರೆ, ಆ ಮುಖ ಮೇಲೆ ಬಂದ ದಿನ ಕಾಲು ಸಿಕ್ಕಿಕೊಳ್ಳುತ್ತದೆ. ಸಡಿಲ ಮಾಡಿದರೆ ತುಳಿಯುವಾಗ ಜಾರೀತು ಎಂಬ ಅಂಜಿಕೆ ಬೇಡ. ಸಾಮಾನ್ಯ ಓಡಾಟಕ್ಕೆ ಅತಿ ಸಡಿಲದ ಹಿಡಿತವೂ ಧಾರಾಳವಾಗಿ ಸಾಲುತ್ತದೆ. ಎದ್ದು ನಿಂತು ತುಳಿಯುವಾಗ ಕಾಲು ತಾನಾಗಿ ಕಳಚಿದರೆ ಒಂದೊಂದೇ ಟಿಕ್ ಬಿಗಿ ಮಾಡಿಕೊಳ್ಳಬಹುದು.

ಕ್ಲೀಟ್ ಕೂರಿಸುವ ಜಾಗ ಪಾದದ ಉಬ್ಬಿನ ಕೆಳಗೆ. ಹೆಬ್ಬೆರಳಿನ ಬುಡದ ಗೆಣ್ಣು ಮತ್ತು ಕಿರುಬೆರಳಿನ ಬುಡದ ಗೆಣ್ಣು ಎರಡನ್ನೂ ಬೂಟಿನ ಮೇಲೆ ಗುರುತು ಮಾಡಿಕೊಳ್ಳಿ, ಅವೆರಡರ ನಡುವೆ ಕ್ಲೀಟ್ ಬರಲಿ. ಬೋಲ್ಟಿಗೆ 4 ಮಿ.ಮೀ. ಅಲನ್ ಕೀ, ಬಿಗಿ 5ರಿಂದ 6 ನ್ಯೂಟನ್ ಮೀಟರ್. ಒಂದನ್ನೇ ಪೂರ್ತಿ ಬಿಗಿ ಮಾಡಬೇಡಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಹೋಗಿ. ಕ್ಲೀಟನ್ನು ಓರೆಯಾಗಿ ಕೂರಿಸಿದರೆ, ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಇನ್ನಷ್ಟು ದೂರ ತಳ್ಳಬೇಕಾದೀತು. ತುರ್ತಿನಲ್ಲಿ ಅಷ್ಟು ಹೊತ್ತು ಇರುವುದಿಲ್ಲ.

ಬಿಡಿಸಿಕೊಳ್ಳುವ ಚಲನೆ ಒಂದೇ: ಪಾದದ ಉಬ್ಬು ಇದ್ದಲ್ಲೇ ಇರಲಿ, ಹಿಮ್ಮಡಿ ಹೊರಕ್ಕೆ ಹೋಗಲಿ. ಬೀಡಿ ತುಂಡನ್ನು ಬೂಟಿನ ಉಬ್ಬಿನಲ್ಲಿ ಹೊಸಕಿ ಆರಿಸುವಾಗ ಹಿಮ್ಮಡಿ ಹೊರಳುತ್ತದಲ್ಲ, ಅದೇ ಚಲನೆ, ಹೊರಗಿನ ದಿಕ್ಕಿಗೆ ಮಾತ್ರ. ಎಸ್‌ಎಚ್51ರಲ್ಲಿ ಸುಮಾರು 4 ಡಿಗ್ರಿವರೆಗೆ ಪಾದ ಸರಾಗವಾಗಿ ಅಲ್ಲಾಡುತ್ತದೆ, ಆಮೇಲೆ ಸ್ಪ್ರಿಂಗ್ ತಡೆಯುತ್ತದೆ, ಆ ತಡೆಯನ್ನು ದಾಟಿಸಿದರೆ ಟಕ್ ಎಂದು ಬಿಡುತ್ತದೆ. ಎಂ520ರ ಗುಣ ಇರುವುದೇ ಈ ಟಕ್‌ನಲ್ಲಿ. ತಡೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಬೂಟಿನ ತಳದ ಮೂಲಕವೇ ಸ್ಪಷ್ಟವಾಗಿ ಗೊತ್ತಾಗುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ, ಮೈಭಾರ ಇನ್ನೂ ಅದರ ಮೇಲಿರುವಾಗ ತಿರುಗಿಸುವುದು ಸುಲಭ. ತಿರುವು ತೊಡೆಯಿಂದ ಬರಲಿ, ಮಂಡಿಯನ್ನು ಮಾತ್ರ ತಿರುಚಿದರೆ ನೋವು ಬರುತ್ತದೆ.

ಗಾಬರಿಯಾದಾಗ ಕಾಲು ತಾನಾಗಿ ಮಾಡುವ ಮೂರು ಕೆಲಸಗಳಿವೆ, ಮೂರೂ ತಪ್ಪು. ನೇರ ಮೇಲಕ್ಕೆ ಕೀಳುವುದು: ಸ್ಪ್ರಿಂಗ್ ಇರುವುದೇ ಅದನ್ನು ತಡೆಯಲು. ಹಿಂದಕ್ಕೆ ಎಳೆಯುವುದು: ಟೋ ಕ್ಲಿಪ್ ಕಾಲದ ಚಾಳಿ, ಇಲ್ಲಿ ನಡೆಯದು. ಪಾದವನ್ನು ಪಕ್ಕಕ್ಕೆ ವಾಲಿಸುವುದು: ಕಣಕಾಲು ಉಳುಕುತ್ತದೆ, ಕ್ಲೀಟ್ ಕದಲುವುದಿಲ್ಲ. ಅದಕ್ಕೇ ಗೋಡೆ ಹಿಡಿದು ನಿಂತು ಒಂದೊಂದು ಕಾಲಿಗೆ ಐವತ್ತು ಸಲ ಸಿಕ್ಕಿಸಿ ಬಿಡಿಸುವ ಅಭ್ಯಾಸ ಬೇಕು. ಆಮೇಲೆ ಹುಲ್ಲಿರುವ ಮೈದಾನ, ಕೊನೆಗೆ ರಸ್ತೆ.

ಯಾವ ಕಾಲು ಮೊದಲು? ನಮ್ಮಲ್ಲಿ ಎಡಗಾಲು. ಬಲಗಡೆ ವಾಹನ ಓಡಿಸುವ ದೇಶಗಳವರು ಹೇಳಿಕೊಡುವ ವೀಡಿಯೊ ನೋಡಿ ಬಲಗಾಲು ಬಿಡಿಸುವುದನ್ನು ಕಲಿತರೆ, ಇಲ್ಲಿ ಮೈ ವಾಲುವುದು ಬಸ್ಸು ಲಾರಿ ಹೋಗುವ ಕಡೆಗೆ. ಎಡಗಾಲು ಬಿಡಿಸಿದರೆ ವಾಲುವುದು ರಸ್ತೆಯ ಅಂಚಿಗೆ, ಚೈನಿನ ಎಣ್ಣೆಯೂ ಕಾಲಿಗೆ ತಾಗುವುದಿಲ್ಲ. ಒಂದು ಎಚ್ಚರ: ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ಅಂಚಿನತ್ತ ಇಳಿಜಾರಾಗಿರುತ್ತವೆ. ಆದ್ದರಿಂದ ಎಡಗಾಲಿಗೆ ನೆಲ ನೀವು ಅಂದುಕೊಂಡದ್ದಕ್ಕಿಂತ ಒಂದೆರಡು ಅಂಗುಲ ಕೆಳಗೆ ಸಿಗುತ್ತದೆ. ಸೀಟಿನ ಮೇಲೆ ಕೂತೇ ಕಾಲು ಚಾಚಿದರೆ ಎಟುಕುವುದಿಲ್ಲ.

ಸಿಗ್ನಲ್ಲಿನಲ್ಲಿ ಹೀಗೆ ಮಾಡಿ. ಹದಿನೈದು ಇಪ್ಪತ್ತು ಮೀಟರ್ ಇರುವಾಗಲೇ ಹಗುರ ಗೇರಿಗೆ ಬನ್ನಿ, ಎಡ ಪೆಡಲ್ ಕೆಳಗೆ ತಂದು ಹಿಮ್ಮಡಿ ತಿರುಗಿಸಿ. ಬಿಡಿಸಿದ ಕಾಲನ್ನು ಗಾಳಿಯಲ್ಲಿ ತೂಗಾಡಿಸಬೇಡಿ. ಬೂಟಿನ ನಡುಭಾಗವನ್ನು ಪೆಡಲ್ ಮೇಲಿಡಿ, ಆಗ ಕ್ಲೀಟ್ ಮತ್ತೆ ಕಚ್ಚುವುದಿಲ್ಲ. ಬ್ರೇಕ್ ಹಿಡಿಯುತ್ತಾ ಸೀಟಿನಿಂದ ಮುಂದಕ್ಕೆ ಇಳಿದು ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲಿ. ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ ಒಂದಿಷ್ಟೇ ಬಲಕ್ಕೆ ತಿರುಗಿದರೆ ಚಕ್ರ ಬಲಕ್ಕೆ ಸರಿದು ಮೈ ಎಡಕ್ಕೆ ವಾಲುತ್ತದೆ. ಎಡಗಾಲು ಬಿಡಿಸಿಕೊಂಡೂ ಬಲಕ್ಕೆ ಬೀಳುವವರು ಎಡವುವುದು ಇಲ್ಲೇ: ಹ್ಯಾಂಡಲ್ ಎಡಕ್ಕೆ ತಿರುಗಿರುತ್ತದೆ, ಭಾರ ಸಿಕ್ಕಿಕೊಂಡಿರುವ ಕಾಲಿನ ಕಡೆ ಹೋಗಿರುತ್ತದೆ. ಹೊರಡುವಾಗ ಬಲ ಪೆಡಲ್ ಗಡಿಯಾರದ ಎರಡು ಗಂಟೆಯ ಜಾಗದಲ್ಲಿರಲಿ. ಒಂದು ಗಟ್ಟಿ ತುಳಿತದಲ್ಲಿ ಸೈಕಲ್ ಓಡಲು ಶುರುವಾದ ಮೇಲೆ ಎಡಗಾಲು ಸಿಕ್ಕಿಸಿ, ಕ್ಲೀಟಿನ ಮೂತಿ ಮೊದಲು, ಒತ್ತು ಆಮೇಲೆ. ಮೊದಲ ಪ್ರಯತ್ನಕ್ಕೆ ಸಿಗದಿದ್ದರೆ ತಲೆ ಬಗ್ಗಿಸಿ ಹುಡುಕಬೇಡಿ, ಹಾಗೇ ತುಳಿಯುತ್ತಾ ಸಿಗ್ನಲ್ ದಾಟಿ.

ನಂದಿಬೆಟ್ಟದಂಥ ಏರಿನಲ್ಲಿ ಲೆಕ್ಕ ಬೇರೆ. ವೇಗ ಇಲ್ಲದ್ದರಿಂದ ತುಳಿಯುವುದು ನಿಲ್ಲಿಸಿದ ಕ್ಷಣವೇ ಸೈಕಲ್ ನಿಲ್ಲುತ್ತದೆ. ಉಸಿರು ಪೂರ್ತಿ ಸೋಲುವವರೆಗೆ ಕಾಯದೆ, ಇನ್ನೂ ನಾಲ್ಕು ಸುತ್ತು ತುಳಿಯುವ ಶಕ್ತಿ ಇರುವಾಗಲೇ ಎಡಗಾಲು ಬಿಡಿಸಿ. ನಿಂತ ತಕ್ಷಣ ಎರಡೂ ಬ್ರೇಕ್ ಹಿಡಿಯಿರಿ, ಇಲ್ಲದಿದ್ದರೆ ಸೈಕಲ್ ಹಿಂದಕ್ಕೆ ಉರುಳುತ್ತದೆ.

ಎಸ್‌ಎಚ್56 ಎಂಬ ಇನ್ನೊಂದು ಕ್ಲೀಟ್ ಬೇರೆಯಾಗಿ ಸಿಗುತ್ತದೆ, ಇದೇ ಪೆಡಲ್ಲಿಗೆ ಹೊಂದುತ್ತದೆ. ಹೊರಕ್ಕೆ ಮಾತ್ರವಲ್ಲ, ಹಿಮ್ಮಡಿಯನ್ನು ಓರೆಯಾಗಿ ಮೇಲಕ್ಕೆ ಕಿತ್ತರೂ ಇದು ಬಿಡುತ್ತದೆ. ಅಂಗಡಿಯವರು ಹೊಸಬರಿಗೆ ಇದನ್ನೇ ಕೊಡುವುದುಂಟು. ನಮ್ಮ ಅಭಿಪ್ರಾಯ ಬೇರೆ: ಕಲಿಯುವಾಗ ಎಸ್‌ಎಚ್51, ಅತಿ ಸಡಿಲದ ಸ್ಪ್ರಿಂಗ್. ಒಂದೇ ಚಲನೆ ಕಾಲಿಗೆ ರೂಢಿಯಾದರೆ ಗಾಬರಿಯಲ್ಲೂ ಅದೇ ಬರುತ್ತದೆ. ಎಸ್‌ಎಚ್56 ಹಾಕಿ ಏರಿನಲ್ಲಿ ಎದ್ದು ನಿಂತು ಜಗ್ಗಿದರೆ ಕಾಲು ಬೇಡದ ಹೊತ್ತಿನಲ್ಲಿ ಕಳಚಿ, ಮಂಡಿ ಹ್ಯಾಂಡಲ್ಲಿಗೆ ಬಡಿಯಬಹುದು. ಮಂಡಿ ಅಥವಾ ಸೊಂಟ ಸರಾಗವಾಗಿ ತಿರುಗದವರಿಗೆ, ದಿನವೂ ಹತ್ತಾರು ಸಿಗ್ನಲ್ ದಾಟಿ ಆಫೀಸಿಗೆ ಹೋಗುವವರಿಗೆ ಮಾತ್ರ ಅದು ಒಳ್ಳೆಯ ಆಯ್ಕೆ. ಕ್ಲೀಟಿನ ಮೇಲೆಯೇ ಸಂಖ್ಯೆ ಕೆತ್ತಿರುತ್ತದೆ, ಕೊಳ್ಳುವಾಗ ನೋಡಿ.

ಎಲ್ಲ ಸರಿಯಿದ್ದೂ ಕಾಲು ಬಿಡದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ಲೀಟಿನ ಬೋಲ್ಟ್. ಒಂದು ಬಿದ್ದುಹೋಗಿ ಇನ್ನೊಂದೇ ಉಳಿದರೆ, ಹಿಮ್ಮಡಿ ಎಷ್ಟು ತಿರುಗಿಸಿದರೂ ಬೂಟು ಆ ಒಂದು ಬೋಲ್ಟಿನ ಸುತ್ತ ತಿರುಗುತ್ತದೆ, ಕ್ಲೀಟ್ ಪೆಡಲ್ಲಿನಲ್ಲಿ ಅಲ್ಲಾಡದೆ ಕೂತಿರುತ್ತದೆ. ಆಗ ಬಲ ಹಾಕಿ ಪ್ರಯೋಜನವಿಲ್ಲ. ಇನ್ನೊಂದು ಕಾಲು ಬಿಡಿಸಿ ನೆಲಕ್ಕೂರಿ, ಸಿಕ್ಕಿಕೊಂಡ ಬೂಟಿನ ಪಟ್ಟಿ ಬಿಚ್ಚಿ, ಬೂಟನ್ನು ಪೆಡಲ್ ಮೇಲೆಯೇ ಬಿಟ್ಟು ಪಾದ ಹೊರಗೆಳೆಯಿರಿ. ಹೊಸ ಕ್ಲೀಟ್ ಹಾಕಿದ ಮೊದಲ ಎರಡು ಮೂರು ಸವಾರಿಯ ನಂತರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿದರೆ ಈ ಪಾಡು ಬರುವುದಿಲ್ಲ. ಬೋಲ್ಟಿನ ತಲೆಯ ಕುಳಿಯಲ್ಲಿ ಮಣ್ಣು ಮೆತ್ತಿದ್ದರೆ ಮೊದಲು ಪಿನ್ನಿನಿಂದ ಕೆದಕಿ ತೆಗೆಯಿರಿ. ಅಲನ್ ಕೀ ಅರ್ಧಕ್ಕೆ ಕೂತರೆ ಕುಳಿಯ ಮೂಲೆ ಸವೆದು ಬೋಲ್ಟ್ ಹಾಳಾಗುತ್ತದೆ.

ಎರಡನೆಯ ಕಾರಣ ಸಡಿಲ ಬೂಟು. ಹಿಮ್ಮಡಿ ಬೂಟಿನೊಳಗೆ ಹೊರಳುತ್ತದೆ, ಬೂಟು ಹೊರಳುವುದಿಲ್ಲ. ಹೊಸ ಬೂಟಿನ ರಬ್ಬರ್ ಹಲ್ಲುಗಳು ಎತ್ತರವಿದ್ದು ಪೆಡಲ್ಲಿಗೆ ಉಜ್ಜುವುದೂ ಉಂಟು. ಉಜ್ಜಿದ ಗುರುತು ಕಂಡಲ್ಲಿ ಚಾಕುವಿನಿಂದ ತುಸು ಕೆತ್ತಿದರೆ ಸರಿಹೋಗುತ್ತದೆ.

ಎಂ520ರ ನಿಜವಾದ ಕೊರತೆ ಕೆಸರು. ಮಲೆನಾಡಿನ ಮಳೆಗಾಲದ ಕೆಮ್ಮಣ್ಣಿನಲ್ಲಿ ಇಳಿದು ಹತ್ತು ಹೆಜ್ಜೆ ನಡೆದರೆ ಸಾಕು, ಕ್ಲೀಟಿನ ಸುತ್ತಲಿನ ಕುಳಿ ತುಂಬಿ ಸಪಾಟಾಗುತ್ತದೆ. ಕ್ಲೀಟ್ ಅರ್ಧ ಮಾತ್ರ ಕಚ್ಚುತ್ತದೆ, ಬಿಡುವಾಗ ಮಣ್ಣಿನ ಅಂಟು ಸ್ಪ್ರಿಂಗಿನ ಜೊತೆ ಸೇರಿ ಹಿಡಿಯುತ್ತದೆ. ಬೂಟಿನ ತಳವನ್ನು ಪೆಡಲ್ಲಿನ ಅಂಚಿಗೆ ಎರಡು ಸಲ ಬಡಿದು, ಉಳಿದದ್ದನ್ನು ಕಡ್ಡಿಯಿಂದ ಕೆದಕಿ ಹತ್ತುವುದೊಂದೇ ದಾರಿ. ಕೆಸರಿನಲ್ಲೇ ಹೆಚ್ಚು ಓಡಿಸುವವರಿಗೆ ನಾಲ್ಕು ಮುಖದ, ಮಣ್ಣು ನಿಲ್ಲದ ಕ್ರ್ಯಾಂಕ್‌ಬ್ರದರ್ಸ್ ಎಗ್‌ಬೀಟರ್ ಮೇಲು, ಆದರೆ ಅದರಲ್ಲಿ ಸ್ಪ್ರಿಂಗ್ ಸಡಿಲಿಸುವ ತಿರುಪೇ ಇಲ್ಲ. ಚಪ್ಪಲಿ ಹಾಕಿಕೊಂಡು ಹಾಲು ತರಲು ಹೋಗುವವರಿಗೂ ಎಂ520 ಹೇಳಿ ಮಾಡಿಸಿದ್ದಲ್ಲ, ಕಾಲಿಡಲು ಅಗಲ ಸಾಲದೆ ಜಾರುತ್ತದೆ. ಅಂಥವರು ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಎಸ್‌ಪಿಡಿ ಇರುವ ಶಿಮಾನೊ ಇಎಚ್500 ನೋಡಲಿ.

ಪೆಡಲ್ ವರ್ಷಗಟ್ಟಲೆ ಬರುತ್ತದೆ, ಕ್ಲೀಟ್ ಬರುವುದಿಲ್ಲ. ನಡೆದು ನಡೆದು ಮುಂದಿನ ತುಟಿ ತೆಳುವಾಗಿ, ಅಂಚುಗಳು ಗುಂಡಗಾದ ಮೇಲೆ ಆ ಟಕ್ ಸದ್ದು ಮಂದವಾಗುತ್ತದೆ. ಒಮ್ಮೆ ತಾನಾಗಿ ಕಳಚುತ್ತದೆ, ಇನ್ನೊಮ್ಮೆ ಎಷ್ಟು ತಿರುಗಿಸಿದರೂ ಬಿಡುವುದಿಲ್ಲ. ಆಗ ಸ್ಪ್ರಿಂಗ್ ಬಿಗಿ ಮಾಡಿ ಸರಿಪಡಿಸಲು ಹೋಗಬೇಡಿ, ಎರಡೂ ಕ್ಲೀಟ್ ಒಟ್ಟಿಗೆ ಬದಲಿಸಿ. ಬಿಚ್ಚುವ ಮುನ್ನ ಹಳೆಯ ಕ್ಲೀಟಿನ ಸುತ್ತ ತಳದ ಮೇಲೆ ಮಾರ್ಕರಿನಿಂದ ಗೆರೆ ಎಳೆದುಕೊಂಡರೆ ಹೊಸದು ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಕೂರುತ್ತದೆ.